ಬಾಗಿಲು ತೆಗೆಯದ ಅವ್ವ

ನಾನು ಹುಟ್ಟಿ ಬೆಳೆದ ಪಂಗಡದಲ್ಲಿ ಟಿವಿ, ಕಾದಂಬರಿ ಎರಡೂ ಪಾಪ. ಕಟ್ಟಿದ ಕಥೆಯೆಂದರೆ ಸುಳ್ಳು. ಅವರನ್ನು ಬಿಟ್ಟು ಬಂದು ತಾಂಡ್ಯದ ಫ್ಯಾಕ್ಟರಿ ಸೇರಿದೆ. ರೂಮಿನಲ್ಲಿ ಒಬ್ಬಳೇ ಇದ್ದರೂ ಕಾದಂಬರಿಯನ್ನು ದಿಂಬಿನಡಿ ಬಚ್ಚಿಡುತ್ತಿದ್ದೆ.

ಒಂದು ಭಾನುವಾರ ನರಸೀಪುರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಯಾಕಮ್ಮಾ, ಏನಾಯ್ತು?" ಎಂದೆ.

"ನಮ್ ಸುಮ ಕಣವ್ವ. ದೇವ್ರ ವಿಷ್ಯಕ್ಕೆ ಜಗಳ ಆಡ್ಕಂಡು ಮನೆ ಬುಟ್ಟೋಗಿದ್ಲು. ನೆನ್ನೆ ವಾಪಸ್ ಬಂದ್ರೆ ಅವ್ರವ್ವ ಬಾಗ್ಲೇ ತೆಗೀನಿಲ್ಲ."

ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. "ನಮ್ಮವ್ವನೂ ತೆಗೀಲಿಲ್ಲ. ಒಳಗೆ ಅವಳ ಕೆಮ್ಮು ಕೇಳಿಸ್ತಾನೇ ಇತ್ತು. ಸುಮ ಈಗ ಎಲ್ಲಿದ್ದಾಳೆ? ನನ್ನ ರೂಮಲ್ಲಿ ಜಾಗ ಇದೆ."

ಆಕೆ ಅಳು ನಿಲ್ಲಿಸಿ ನನ್ನನ್ನೇ ನೋಡಿದರು. "ಅಯ್ಯೋ, ಅದು ಸೀರಿಯಲ್ ಕಣವ್ವ!"

"ಸುಳ್ಳಿಗೆ ಅಳ್ತಿದ್ರಾ?"

"ಸುಳ್ಳು ಅಂತ ಗೊತ್ತು. ಆದ್ರೂ ಅಳು ಬತ್ತದಲ್ಲ, ಏನ್ಮಾಡನೆ?"

ಇದರಲ್ಲಿ ಪಾಪ ಯಾವುದು, ಯಾರದು, ಒಂದೂ ತಿಳಿಯದೆ ಕೂತೆ. ನನ್ನ ಸ್ಟಾಪು ಬಂದಾಗ ಆಕೆ ಕೈ ಹಿಡಿದುಕೊಂಡರು. "ನೀ ಯೋಳಿದ್ಯಲ್ಲ, ಕೆಮ್ಮೋ ಅವ್ವಂದು, ಅದು ಯಾವ ಚಾನೆಲ್ನಲ್ಲಿ ಬತ್ತದೆ? ಮುಂದೇನಾಯ್ತು?"

"ಇನ್ನೂ ಮುಗಿದಿಲ್ಲಮ್ಮ" ಎಂದು ಇಳಿದುಬಿಟ್ಟೆ. ಯಾಕೆ ಹಾಗಂದೆನೋ, ನನಗೇ ಅರ್ಥವಾಗಲಿಲ್ಲ.