ಹಿತ್ತಲಿನ ಭಟ್ಟಿಯಿಂದ ಐರಾಣಿ ತಂದದ್ದು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ದೌರ್ಬಲ್ಯವಿರುತ್ತದೆ. ಎದುರಿನವರು ಸುಮ್ಮನಾದರೆ ಸಾಕು, ನಾವು ಗೆದ್ದೆವೆಂದು ತಿಳಿಯುತ್ತೇವೆ. ನಮ್ಮ ಅತ್ತೆಯ ಮುಂದೆ ನಾನು ಈ ರೀತಿಯಲ್ಲಿ ಅನೇಕ ಬಾರಿ ಗೆದ್ದಿದ್ದೇನೆ. ಕಾಸಾರಶಿರಸಿಯ ನಮ್ಮ ಮನೆಯ ಹಿತ್ತಲಿನಲ್ಲಿ, ದನಗಳು ಹೊಲದ ಕೊಟ್ಟಿಗೆಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಹಳೆಯ ಕೊಟ್ಟಿಗೆಯಲ್ಲಿ, ಗಡಿಗೆ ಸುಡುವ ಕರೆಂಟಿನ ಭಟ್ಟಿಯನ್ನು ಇಡಬೇಕೆಂದು ವಾದಿಸಿದ ದಿನವೂ ಹಾಗೆಯೇ ಆಯಿತು. ಹೊಗೆಯಿಂದ ಶ್ವಾಸಕೋಶಕ್ಕಾಗುವ ಹಾನಿ, ಕೈಕಸುಬಿನ ಘನತೆ, ವಿದ್ಯಾವಂತರ ಹೊಣೆ ಎಂದು ಕ್ರಮವಾಗಿ ಮಂಡಿಸಿದೆ. ಅತ್ತೆ ಜೋಳ ಹಸನು ಮಾಡುತ್ತ ಕೊನೆಯವರೆಗೂ ಕೇಳಿದರು.

"ಅದ್ರಾಗ ರೊಟ್ಟಿ ಆಗ್ತಾವೇನ?"

"ಇಲ್ರಿ ಅತ್ತೀ."

"ಮತ್ತ ಇಷ್ಟೊತ್ತನ ಯಾತರ ಸಲುವಾಗಿ ಮಾತಾಡ್ದಿ? ಎಲ್ಲಿ ಬೇಕು ಅಲ್ಲಿ ಇಟ್ಕೋ."

ನನ್ನ ಉತ್ಸಾಹದ ಹಿಂದೆ ಒಬ್ಬ ವ್ಯಕ್ತಿಯಿದ್ದರು. ಹಿಂದಿನ ಗಲ್ಲಿಯ ಕುಂಬಾರ ಹೆಂಗಸು, ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ನಮ್ಮ ಭಾಗದ ಮದುವೆಗಳಲ್ಲಿ ಐರಾಣಿ ಎಂಬ ಐದು ಗಡಿಗೆಗಳಿಲ್ಲದೆ ಹಂದರದ ಶಾಸ್ತ್ರ ನಡೆಯುವುದಿಲ್ಲ. ಮುತ್ತೈದೆಯರು ಬಾಜಾ ಬಜಂತ್ರಿಯೊಡನೆ ಕುಂಬಾರರ ಮನೆಗೆ ಹೋಗಿ, ಉಡಿ ತುಂಬಿ, ಸುಣ್ಣ ಕೆಮ್ಮಣ್ಣು ಬರೆದ ಆ ಗಡಿಗೆಗಳನ್ನು ತರುತ್ತಾರೆ. ಊರಿಗೆ ಐರಾಣಿ ಕೊಡುವ ಹಕ್ಕು ಕಾಕುವಿಗೆ ಅವರ ಅತ್ತೆಯಿಂದ ಬಂದದ್ದು. ಆದರೆ ಅವರ ಮನೆಯ ಸುತ್ತ ಹೊಸ ಮನೆಗಳೆದ್ದು, ಒಣಹಾಕಿದ ಬಟ್ಟೆಗೆ ಮಸಿ ಹಿಡಿಯುತ್ತದೆಂದು ಎಲ್ಲರೂ ತಕರಾರು ತೆಗೆದ ಮೇಲೆ ಅವರು ಗಡಿಗೆ ಸುಡುವ ಕಟ್ಟಿಗೆಯ ಆವಿಗೆ ಹಚ್ಚುವುದನ್ನೇ ಬಿಟ್ಟಿದ್ದರು. ಆಮೇಲೆ ನಡೆದ ಎರಡು ಮದುವೆಗಳಿಗೆ ಗಡಿಗೆಗಳು ಉದಗೀರದ ಪೇಟೆಯಿಂದ ಬಸ್ಸಿನಲ್ಲಿ ಬಂದವು. ಮೂರನೆಯದು ನನ್ನ ನಾದಿನಿಯ ಮದುವೆ.

"ಇದೂ ಉದಗೀರಕ್ಕ ಹೋಯ್ತಂದ್ರ ಮುಗೀತು, ಅಕ್ಕೋರೆ," ಎಂದಿದ್ದರು ಕಾಕು. ನಾನು ಶಿಕ್ಷಕಿಯಾದ್ದರಿಂದ ಊರಿಗೆಲ್ಲ ಅಕ್ಕೋರು. "ಮುಂದ ಯಾರೂ ನನ್ನ ಬಾಗಲಕ ಬರಾಂಗಿಲ್ಲ."

ಭಟ್ಟಿ ಪುಣೆಯಿಂದ ಟೆಂಪೋದಲ್ಲಿ ಬಂತು. ನೋಡಲು ಜೋಳ ತುಂಬುವ ಪೀಪಾಯಿಯಂತೆ, ಒಳಗೆ ಬೆಣ್ಣೆಬಣ್ಣದ ಹಗುರ ಇಟ್ಟಿಗೆ, ಇಟ್ಟಿಗೆಯ ಗೀರುಗಳಲ್ಲಿ ಸುರುಳಿ ತಂತಿ, ಮೇಲೆ ಬೆರಳಗಲದ ತೂತಿರುವ ಮುಚ್ಚಳ. ನಿಲಂಗಾದಿಂದ ಬಂದ ವಾಯರ್‌ಮನ್ ಅದನ್ನು ಸುತ್ತು ಹಾಕಿ ನೋಡಿ, ಹೆಬ್ಬೆರಳು ದಪ್ಪದ ವಾಯರನ್ನು ಮೀಟರಿನಿಂದಲೇ ಎಳೆದ. ಬೇರೆ ಸ್ವಿಚ್ಚು ಕೂರಿಸಿದ. ಅರ್ಥಿಂಗ್‌ಗೆ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ, ದಿನಾ ಒಂದು ತಂಬಿಗೆ ನೀರು ಹಾಕಬೇಕೆಂದು ಹೇಳಿಹೋದ. ಅತ್ತೆ ಆ ನೀರಿನ ಜೊತೆಗೆ ಎರಡು ಹೂವನ್ನೂ ಇಡತೊಡಗಿದರು. ವೈಜ್ಞಾನಿಕ ಮನೋಭಾವದ ಕುರಿತು ನಾನು ಆಡಿದ ಮಾತುಗಳಿಗೆ ಅವರಿಂದ ಯಾವ ಖಂಡನೆಯೂ ಬರಲಿಲ್ಲ. ಹೂವು ಮಾತ್ರ ಮರುದಿನವೂ ಇತ್ತು.

ಕಾಕು ಒಂಬತ್ತು ಗಡಿಗೆ ಮಾಡಿಕೊಟ್ಟರು. ಬೇಕಾದದ್ದು ಐದು, ಉಳಿದವು ಒಡೆದರೆ ಬೇಕಾದೀತೆಂದು. ಮೂರನೆಯ ದಿನ ಒಂದು ಗಡಿಗೆಯನ್ನು ಗಲ್ಲಕ್ಕೆ ಒತ್ತಿ ಹಿಡಿದು, "ಹಸಿ ಅದಾವ್ರಿ. ಥಂಡ ಹತ್ತತಾದ, ನೋಡ್ರಿ," ಎಂದರು. ಬಿಸಿಲಿನ ತೀವ್ರತೆ, ಗಾಳಿಯ ಶುಷ್ಕತೆ, ಗಡಿಗೆಯ ದಪ್ಪ ಇವನ್ನೆಲ್ಲ ಲೆಕ್ಕ ಹಿಡಿದು, ಅವು ಒಣಗಿರಲೇಬೇಕೆಂದು ನಾನು ಸಾಧಿಸಿದೆ. ಕಾಕು ಸುಮ್ಮನಾದರು. ನಾನು ಗೆದ್ದೆ.

ಮರುದಿನ ಮುಂಜಾನೆ ಭಟ್ಟಿಯಲ್ಲಿ ಆರು ಗಡಿಗೆಗಳನ್ನು ಜೋಡಿಸಿ, ಉರಿ ಏರಿಸುವ ಗುಂಡಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸಿದೆ. ಬೀದಿಯ ಫ್ಯಾನುಗಳೆಲ್ಲ ನಿಧಾನವಾದವು. ಪಕ್ಕದ ಹಿಟ್ಟಿನ ಗಿರಣಿಯವರು ಗೋಡೆಯ ಮೇಲಿನಿಂದ ಮುಖ ಹಾಕಿದರು.

"ಅಕ್ಕೋರೆ, ನಿಮ್ಮ ಗಡಗಿ ಏಳೂತನಕ ನನ್ನ ಗಿರಣಿ ಮಲಗ್ತದೇನ್ರಿ?"

ಉತ್ತರಿಸುವಷ್ಟರಲ್ಲಿ ಭಟ್ಟಿಯೊಳಗೆ ಧಪ್ ಎಂದಿತು. ಆಮೇಲೆ ಇನ್ನೊಂದು. ಅತ್ತೆ ಅಡುಗೆಮನೆಯಿಂದಲೇ ಕೇಳಿದರು: "ಅಳ್ಳ ಹುರೀಲಾಕತ್ತಿಯೇನ ತಂಗಿ?"

ತಣ್ಣಗಾದ ಮೇಲೆ ಮುಚ್ಚಳ ತೆಗೆದಾಗ ಆರೂ ಗಡಿಗೆಗಳು ಚೂರಾಗಿದ್ದವು. ಮದುವೆಗೆ ಹದಿಮೂರು ದಿನ ಉಳಿದಿತ್ತು. ಕಾಕು ಒಂದು ಚೂರನ್ನು ಎತ್ತಿ ನೋಡಿ ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು.

"ನನ್ನದು ತಪ್ಪಾಯ್ತ್ರಿ ಕಾಕು," ಎಂದೆ. ವೇದಿಕೆಯ ಮೇಲೆ ಎಂದೂ ಅಭ್ಯಾಸವಾಗದ ವಾಕ್ಯ ಅದು.

"ಆಗ್ಲಿ. ಈಗ ನೀವು ಬಟನ್ ನೋಡ್ಕೋರಿ, ನಾ ಮಣ್ಣು ನೋಡ್ಕೋತೀನಿ."

ಈ ಕರಾರಿನಂತೆ ಎರಡನೆಯ ಸಲ ನಡೆಯಿತು. ಉಳಿದಿದ್ದ ಮೂರರ ಜೊತೆಗೆ ಕಾಕು ಹೊಸದಾಗಿ ನಾಲ್ಕು ಮಾಡಿದರು. ಏಳೂ ಗಡಿಗೆಗಳು ಗಲ್ಲದ ಪರೀಕ್ಷೆಯಲ್ಲಿ ಪಾಸಾಗುವವರೆಗೆ, ಅಂದರೆ ಪೂರಾ ಎಂಟು ದಿನ, ನನಗೆ ಭಟ್ಟಿಯ ಹತ್ತಿರ ಸುಳಿಯಲು ಪರವಾನಗಿ ಇರಲಿಲ್ಲ. ಹಚ್ಚಿದ ದಿನ ಗುಂಡಿಯನ್ನು ಕನಿಷ್ಠದಲ್ಲಿಟ್ಟು ಕಾದೆವು. ಮುಚ್ಚಳದ ತೂತಿನ ಮೇಲೆ ಕಾಕು ಆಗಾಗ ಸ್ಟೀಲಿನ ತಾಟು ಹಿಡಿಯುತ್ತಿದ್ದರು. ತಾಟಿಗೆ ಬೆವರು ಹಿಡಿದರೆ ನನ್ನ ಕಡೆ ತಿರುಗಿ "ಥಾಂಬಾ, ತಡೀರಿ," ಎನ್ನುತ್ತಿದ್ದರು. ತಾಟು ಒಣಗಿಯೇ ಉಳಿದಾಗ, ಮಧ್ಯಾಹ್ನದ ಹೊತ್ತಿಗೆ, ಉರಿ ಏರಿಸಲು ಅಪ್ಪಣೆಯಾಯಿತು. ಪುಣೆಯವರು ಕೊಟ್ಟ ಪುಸ್ತಕದಲ್ಲಿ ಇದೇ ಮಾತು ಎರಡು ಪುಟಗಳಲ್ಲಿತ್ತು. ನಾನು ಆ ಪುಟಗಳನ್ನು ಆಮೇಲೆ ಓದಿದೆ.

ಗಡಿಗೆಗಳು ಹೊರಬಂದಾಗ ಹೊಸ ಇಟ್ಟಿಗೆಯ ಕೆಂಪು ಛಾಯೆಯಿತ್ತು, ಎಲ್ಲಿಯೂ ಹೊಗೆಯ ಕಲೆಯಿಲ್ಲ. ಬಾರಿಸಿದರೆ ಖಣ್ ಎನ್ನುತ್ತಿದ್ದವು. ಕಾಕು ಅಲ್ಲೇ ಕೊಟ್ಟಿಗೆಯಲ್ಲಿ ಕುಳಿತು ಸುಣ್ಣ ಬರೆದರು. ಸಮಾಜ ಸುಧಾರಣೆಯ ಒಂದು ಅಧ್ಯಾಯ ಮುಗಿಯಿತೆಂದು ನಾನು ಸ್ನಾನಕ್ಕೆ ಹೋದೆ.

ತಿರುಗಿ ಬರುವಷ್ಟರಲ್ಲಿ ದೇವಣಿಯ ಸೋದರತ್ತೆ ಬಂದಿಳಿದಿದ್ದರು. ಅವರು ನನ್ನ ಮಾವನ ಅಕ್ಕ, ಮದುವೆಯ ಶಾಸ್ತ್ರಗಳಲ್ಲಿ ಮನೆತನದ ಕೊನೆಯ ಮಾತು. ಸಾಲಾಗಿಟ್ಟ ಗಡಿಗೆಗಳನ್ನು ಕಂಡು ಕೇಳಿದರು: "ಇವು ಎಲ್ಲಿಂದ ಬಂದಾವ?"

"ಇಲ್ಲೇ ಸುಟ್ಟಿದ್ದು, ಆತ್ಯಾ," ಎಂದಳು ಮದುಮಗಳು. "ನಮ್ಮ ವೈನಿ ಮಷೀನ್‌ದಾಗ."

"ಹಂಗಾದ್ರ ಇದು ಐರಾಣಿ ಹೆಂಗಾಯ್ತು? ನಮ್ಮ ಮನ್ಯಾಗ ಹುಟ್ಟಿದ್ದು ನಾವೇ ಬಾಜಾ ಹಚ್ಚಿ ಎಲ್ಲಿಂದ ತರೋದು?"

"ಕಾಕು ಮನಿಗಿ ಒಯ್ದು ಇಡ್ತೀವಿ, ಅಲ್ಲಿಂದ ತರೋಣ," ಎಂದೆ ನಾನು.

"ಮದವಿ ಮನ್ಯಾಗಿನ ಐರಾಣಿ ಮದವಿ ಮುಗಿಯೂತನಕ ಹೊಸ್ತಿಲ ದಾಟಾಂಗಿಲ್ಲ. ಉದಗೀರಕ್ಕ ಫೋನ್ ಹಚ್ರಿ. ನಾಳಿ ಬಸ್ಸಿಗಿ ಬರ್ತಾವ."

ಇಷ್ಟು ದಿನ ಮಣ್ಣು ತುಳಿದು, ಒಣಗಿಸಿ, ಕಾದು, ಕೊನೆಗೆ ಎಲ್ಲವೂ ಹೊರಟದ್ದು ಉದಗೀರಕ್ಕೇ. ಕಾಕು ಸುಣ್ಣದ ಬಟ್ಟಲನ್ನು ಹಿಡಿದು ನಿಂತೇ ಇದ್ದರು. ಸಂಪ್ರದಾಯದ ಮೂಲ ಉದ್ದೇಶವನ್ನು ಕುರಿತು ನಾನು ಮನಸ್ಸಿನಲ್ಲಿ ಮೂರು ಅಂಶಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೊದಲನೆಯದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕು ಹೋಗಿ, ಗಲ್ಲಿಯ ಕಡೆಗೆ ತೆರೆಯುವ ಕೊಟ್ಟಿಗೆಯ ಬಾಗಿಲಿನ ಚಿಲಕ ಸರಿಸಿ, ಹೊಸ್ತಿಲ ಮೇಲೆ ಕುಳಿತರು.

"ಆವಿಗಿ ಎಲ್ಲಿ ಅದ, ಕುಂಬಾರ ಮನಿ ಅಲ್ಲೇ ಅದರಿ ಬಾಯೀ. ನಮ್ಮತ್ತಿ ಕಾಲಕ್ಕ ಆವಿಗಿ ಊರ ಹೊರಗ ಇತ್ತು. ನಿಮ್ಮ ಮದವಿ ಐರಾಣಿ ಅಲ್ಲಿಂದೇ ಕೊಟ್ಟೀವಿ."

ಸೋದರತ್ತೆಗೆ ಅದು ನೆನಪಿತ್ತೆಂದು ಅವರ ಮುಖವೇ ಹೇಳಿತು. ಆದರೂ ಬಿಡಲಿಲ್ಲ. "ಅದು ನಿಮ್ಮ ಜಾಗಾ ಇತ್ತು. ಈ ಕೊಟ್ಟಗಿ ನಿಂದೇನ?"

ಇದಕ್ಕೆ ಉತ್ತರ ಕೊಡುವ ಹಕ್ಕು ಮನೆಯ ಒಡತಿಗೆ ಮಾತ್ರ ಇತ್ತು. ಎಲ್ಲರೂ ಅತ್ತೆಯ ಕಡೆಗೆ ನೋಡಿದೆವು. ಅವರು ಕೈಯಲ್ಲಿದ್ದ ಶ್ಯಾವಿಗೆಯ ತಾಟನ್ನು ಇಳಿಸಲೂ ಇಲ್ಲ.

"ಹೌದು, ಆಕೀದೇ," ಎಂದರು. "ನಮ್ಮ ದನ ಹೋಗಿ ವರ್ಷ ಆಯ್ತು. ಈಗ ಅಲ್ಲಿ ಆಕಿ ಇರ್ತಾಳ, ಆಕಿ ಆವಿಗಿ ಇರ್ತದ. ಇನ್ನೇನ ಕೇಳ್ತೀರಿ?"

ಮರುದಿನ ಬಾಜಾದವರು ಬಂದರು. ಮುತ್ತೈದೆಯರು ಮುಂಬಾಗಿಲಿನಿಂದ ಹೊರಟು, ಗಿರಣಿಯನ್ನು ಬಳಸಿ, ಹಿಂದಿನ ಗಲ್ಲಿಗೆ ಇಳಿದು, ತಮ್ಮದೇ ಮನೆಯ ಬೆನ್ನಿಗೆ ಬಂದು ಪರ ಊರಿಗೆ ಬಂದವರಂತೆ ಗಂಭೀರವಾಗಿ ನಿಂತರು. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಹಿಂದುಳಿದಿದ್ದ ನಾನು ಹಿತ್ತಲಿನಿಂದ ಅಡ್ಡದಾರಿ ಹಿಡಿದು ಕೊಟ್ಟಿಗೆಯೊಳಗೆ ನುಗ್ಗಿದೆ. ಕಾಕು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು.

"ನೀವು ತಗೊಳ್ಳೋರ ಕಡಿಯವ್ರೋ, ಕೊಡೋರ ಕಡಿಯವ್ರೋ?"

ಎರಡೂ ಪಕ್ಷಗಳ ಪರವಾಗಿ ಮಾತನಾಡಿ ಬಹುಮಾನ ಪಡೆದ ನನಗೆ ಆ ಕ್ಷಣ ಒಂದೇ ಉತ್ತರ ತೋಚಿತು. "ಕೊಡೋರ ಕಡಿಗಿ."

"ಹಂಗಾದ್ರ ಚಾ ಇಡ್ರಿ. ಬಂದವ್ರಿಗಿ ಸುಮ್ಮ ಕಳಸಲಾಕ ಬರ್ತದೇನು?"

ನಾನು ಅತ್ತೆಯ ಅಡುಗೆಮನೆಗೆ ಓಡಿ, ಅತ್ತೆಯ ಸಕ್ಕರೆಯಿಂದ, ಬಾಗಿಲಾಚೆ ಬಿಸಿಲಿನಲ್ಲಿ ನಿಂತ ಅತ್ತೆಗೇ ಚಹಾ ಮಾಡಿದೆ. ಅವರು ಅದನ್ನು ಪರಕೀಯರ ಮನೆಯ ಚಹಾದಂತೆ ಎರಡು ಸಲ ಬೇಡವೆಂದು, ಮೂರನೆಯ ಸಲ ತೆಗೆದುಕೊಂಡರು. ಸಕ್ಕರೆ ಹೆಚ್ಚಾಗಿದೆ ಎಂದು ಕಣ್ಣಿನಲ್ಲಿಯೇ ಹೇಳಿದರು. ಸೋದರತ್ತೆ ಕಾಕುವಿನ ಉಡಿ ತುಂಬಿದರು. ಕಾಕು ಒಂದೊಂದೇ ಗಡಿಗೆಯನ್ನು ಹಣೆಗೆ ಮುಟ್ಟಿಸಿ, ಐದು ಜನರ ಕೈಗಿಟ್ಟರು.

ಬಾಜಾ ತಿರುಗಿ ಹೊರಟಾಗ ನಾನೂ ಹೊಸ್ತಿಲು ದಾಟಲು ಹೋದೆ. ಮೆರವಣಿಗೆಯಲ್ಲಿದ್ದ ಯೆಣೆಗೂರಿನ ಬೀಗರೊಬ್ಬರು ಹಿಂದೆ ಉಳಿದು, ಬರುವ ತಿಂಗಳು ತಮ್ಮ ಮಗನ ಮದುವೆಗೆ ಐರಾಣಿ ಆಗುತ್ತದೆಯೇ ಎಂದು ಕಾಕುವನ್ನು ವಿಚಾರಿಸುತ್ತಿದ್ದರು.

"ಆಗ್ತದ್ರಿ," ಎಂದರು ಕಾಕು, ಸೆರಗನ್ನು ನಡುವಿಗೆ ಸಿಕ್ಕಿಸುತ್ತ. "ಬಾಜಾ ತಗೊಂಡು ಇದೇ ಬಾಗಲಕ ಬರ್ರಿ. ಆದ್ರ ಒಣಗಲಾಕ ಎಂಟು ದಿನ ಬೇಕು, ಗಡಬಡಿ ಮಾಡಬಾರ್ದು." ಆಮೇಲೆ ನನ್ನ ಕಡೆ ತಿರುಗಿ, "ಬೇಕಂದ್ರ ಅಕ್ಕೋರಿಗಿ ಕೇಳ್ರಿ, ಅವ್ರಿಗಿ ಗೊತ್ತದ," ಎಂದರು.