ಕರಡಿ ಅವರದು, ಭಯ ನನ್ನದು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಜೋಗಿಮಟ್ಟಿ ರಸ್ತೆಯಲ್ಲಿ ನನ್ನ ಶೂ ಲೇಸ್ ಬಿಚ್ಚಿಕೊಂಡಿತು. ಬಗ್ಗಿ ಕಟ್ಟಿ ತಲೆಯೆತ್ತುವಷ್ಟರಲ್ಲಿ ಸೀತಾಫಲದ ಪೊದೆಯಿಂದ ಕರಡಿಯೊಂದು ರಸ್ತೆಗಿಳಿದು, ನನ್ನೆದುರು ಎರಡು ಕಾಲ ಮೇಲೆ ಎದ್ದು ನಿಂತಿತ್ತು. ಜೊತೆಗಿದ್ದ ತಿಪ್ಪೇಸ್ವಾಮಿ, ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, "ಓಡಬ್ಯಾಡ್ರಿ, ಮೆಲ್ಲಕೆ ಹಿಂದಕ್ ಬರ್ರಿ" ಎಂದರು. ಬಂದೆ. ಕರಡಿ ಗಾಳಿ ಮೂಸಿ, ಇವರಿಂದ ಏನೂ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ ಗುಡ್ಡ ಹತ್ತಿತು.

ಆಮೇಲೆ ಪಾಲು ಹಂಚಿಕೆ. ಕರಡಿ ತಿಪ್ಪೇಸ್ವಾಮಿಯವರಿಗೆ ಹೋಯಿತು, ಭಯ ನನಗೆ ಉಳಿಯಿತು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ನನಗೆ ನ್ಯಾಯವಾಗಿ ಭಯವೇ ಕಸುಬು. ಆದರೆ ವಿಚಾರಿಸಲು ಹಿರಿಯೂರಿನಿಂದ ಬಂದ ನನ್ನ ಸ್ವಂತ ಮಾವನವರೂ ಪ್ರಶ್ನೆ ಕೇಳಿದ್ದು ತಿಪ್ಪೇಸ್ವಾಮಿಯವರನ್ನೇ. ಸೀತಾಫಲದ ಕಾಲ, ಹಣ್ಣು ಮುಗಿದರೆ ಕರಡಿ ಬಾರದು ಎಂದು ಅವರು ಅಪ್ಪಣೆ ಕೊಡಿಸಿದರೆ ಎಲ್ಲರೂ ತಲೆದೂಗುವರು. ಕಣ್ಣು ಮುಚ್ಚಿದೊಡನೆ ಕರಡಿಯ ಎದೆಯ ಬಿಳಿ ಪಟ್ಟಿ ಯಾಕೆ ಕಾಣುತ್ತದೆ, ನಿದ್ದೆ ಯಾಕೆ ಮುರಿಯುತ್ತದೆ ಎಂದು ನಾನು ವಿವರಿಸಹೊರಟರೆ, ಮಾವ ಹಾಲುರಾಮೇಶ್ವರಕ್ಕೆ ಹೋಗಿ, ಕೊಳದಾಗೆ ಪ್ರಸಾದ ತೇಲಿಸಿ ಉತ್ರ ಕೊಡೋ ಗಂಗಮ್ಮನ್ನ ಕೇಳಾಣ ಎನ್ನುವರು.

ಅದೇ ಕರಡಿಯನ್ನು ಅಷ್ಟೇ ಹತ್ತಿರದಿಂದ ಕಂಡ ಮನುಷ್ಯ ಗೊರಕೆ ಹೊಡೆದು ಮಲಗುತ್ತಾರೆಂಬ ಸುದ್ದಿ, ಅವರ ಹೆಂಡತಿಯಿಂದ ನನ್ನ ಹೆಂಡತಿಗೆ ಬಂದು, ದಿನವೂ ಕಾಫಿಯ ಜೊತೆ ನನಗೆ ಬಡಿಸಲ್ಪಡುತ್ತಿತ್ತು. ಹೊಟ್ಟೆಕಿಚ್ಚಿಗೊಂದು ಪ್ರಯೋಗಾಲಯ ಬೇಕಿದ್ದವರು ನಮ್ಮ ಮನೆಗೆ ಬರಬಹುದಿತ್ತು.

ಒಂದು ಸಂಜೆ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಭಯ ಕ್ರಮೇಣ ಇಳಿಯುತ್ತದೆ, ಕೆಲವರಲ್ಲಿ ಇಳಿಯದೆಯೂ ಇರಬಹುದು ಎಂದೆ. ತಿಪ್ಪೇಸ್ವಾಮಿ ನಕ್ಕರು. "ನಿದ್ದೆ ಬಂದ್ರೂ ನಿಮ್ ಮಾತು ಸರಿ, ಬರದಿದ್ರೂ ಸರಿ. ಇಷ್ಟನ್ನ ಗಿಣಿಶಾಸ್ತ್ರದೋನೂ ಹೇಳ್ತಾನೆ, ಮೇಷ್ಟ್ರೇ."

ನಿಜವಾದ ಮಾತಾದ್ದರಿಂದ ನಾಟಿತು. ಸೂಕ್ಷ್ಮದರ್ಶಕವಿದ್ದ ಮಾತ್ರಕ್ಕೆ ವಿದ್ಯೆ ವಿಜ್ಞಾನವಾಗದು, ಇಲ್ಲದ ಮಾತ್ರಕ್ಕೆ ಆಗದೆಯೂ ಇರದು. ಏನು ನಡೆದರೆ ನಾನು ಸುಳ್ಳು ಎಂಬುದನ್ನು ಮೊದಲೇ ಹೇಳುವ ಧೈರ್ಯ ಬೇಕು. ಹಟಕ್ಕೆ ಬಿದ್ದು ಹೇಳಿಬಿಟ್ಟೆ: ಅಂಜಿದ ಜಾಗಕ್ಕೆ ದಿನಕ್ಕಿಷ್ಟು ಹತ್ತಿರ ಹೋಗುತ್ತಾ ಬಂದರೆ ಭಯ ಇಳಿಯುತ್ತದೆ, ದೀಪಾವಳಿಯೊಳಗೆ ನಾನು ಬೆಳಗಿನವರೆಗೆ ನಿದ್ದೆ ಮಾಡದಿದ್ದರೆ ನನ್ನ ಮಾತು ಸುಳ್ಳು.

ದಿನವೂ ಹೋದೆ. ಪೊದೆಯ ಬುಡದವರೆಗೂ ಹೋದೆ. ದೀಪಾವಳಿ ಬಂತು, ನಿದ್ದೆ ಬರಲಿಲ್ಲ. ಪಟಾಕಿ ಸದ್ದೆಂಬ ನೆಪ ಕೈಗೆಟುಕುವಷ್ಟು ಹತ್ತಿರವಿತ್ತು. ಅದನ್ನು ಮುಟ್ಟದೆ ಹೋಟೆಲಿಗೆ ಹೋಗಿ, ಸೋತೆ ಎಂದೆ.

ಅದೇ ವಾರ, ಹಣ್ಣೆಲ್ಲ ಮುಗಿದ ಗುಡ್ಡದಿಂದ ಕರಡಿ ಮತ್ತೆ ಇಳಿದಿತ್ತು. ಗೆದ್ದಲು ತಿನ್ನಲು ಬಂದಿದೆ ಎಂದರು ತಿಪ್ಪೇಸ್ವಾಮಿ, ಅದೇ ಹೋಟೆಲಿನಲ್ಲಿ. ಎಲ್ಲರೂ ತಲೆದೂಗಿದರು, ನಾನೊಬ್ಬ ಅವರನ್ನೇ ನೋಡುತ್ತಿದ್ದೆ. ಅವರು ಟೀ ಲೋಟ ನೋಡಿಕೊಂಡರು.

ಹೊರಗೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು. "ನಾಳೆ ಆ ಕಡೆ ಹೋಗ್ತೀರೇನು? ನಾನೂ ಬರ್ತೀನಿ. ಅವತ್ತಿಂದ ಅತ್ಲಾಗೆ ಕಾಲಿಟ್ಟಿಲ್ಲ."

ಮತ್ತೆ ಆ ಗೊರಕೆ, ಎಂದೆ.

"ಅದು ನಂದಲ್ಲ, ನಿದ್ದೆ ಮಾತ್ರೇದು."

ಈಗ ಇಬ್ಬರೂ ಹೋಗುತ್ತೇವೆ. ಹಬ್ಬ ಕಳೆದ ಮರುವಾರ, ಭಾನುವಾರ ರಾತ್ರಿ ಮಲಗಿದವನು ಕಣ್ಣುಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಗಡುವು ಮೀರಿ ಬಂದ ನಿದ್ದೆ. ಶಾಸ್ತ್ರದ ಲೆಕ್ಕಕ್ಕೆ ಸಲ್ಲದು. ಹೆಂಡತಿಗೆ ಹೇಳಿ, ಈ ಸುದ್ದಿ ಆ ಮನೆಗೆ ಹೋಗಕೂಡದು ಎಂದೆ. ತಿಪ್ಪೇಸ್ವಾಮಿಯವರು ಮಾತ್ರೆ ಬಿಟ್ಟಿದ್ದಾರೆ, ನಿದ್ದೆ ಇನ್ನೂ ಬಂದಿಲ್ಲ. ಪಕ್ಕದವನು ಸುಖವಾಗಿ ಮಲಗಿದನೆಂಬ ಸುದ್ದಿಯ ರುಚಿ ನನಗೆ ಗೊತ್ತು.