ಓದದೆ ಹಾಕಿದ ಸಹಿ

ಕಳೆದ ವಾರ ಯಾದಗಿರಿಯ ಕಚೇರಿಯೊಂದರಲ್ಲಿ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತಲೆಂದು ಶಾಯಿ ಪ್ಯಾಡಿನ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಪುರದ ಕೋರ್ಟಿನೆದುರಿನ ಕೋಣೆ, ಬಾಗಿಲಿಗೆ ಬೆನ್ನು ಮಾಡಿ ಕೂತ ನಮ್ಮ ವಕೀಲರು... ನಿಲ್ಲಲಾಗದೆ ಹೊರಗೆ ಬಂದೆ.

ನಾನು ಆಗ ಅವರ ಟೈಪಿಸ್ಟ್. ಗೋಗಿ, ದೋರನಹಳ್ಳಿ ಕಡೆಯ ಕೂಲಿಕಾರರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಹೋಟೆಲಿನ ಹೊರಗೆ ನಿಲ್ಲಿಸಿ ಚಹಾ ಕೊಟ್ಟರೆಂದು, ಠಾಣೆಯಲ್ಲಿ ಹೊಡೆದರೆಂದು. ಬೇರೆ ವಕೀಲರು ಮುಟ್ಟದ ಕೇಸುಗಳೆಲ್ಲ ನಮ್ಮವೇ. ಹೆಬ್ಬೆಟ್ಟು ಒತ್ತುವ ಮೊದಲು ಅರ್ಜಿಯನ್ನು ಎರಡು ಸಲ ಓದಿ ಹೇಳಬೇಕು, ಅದೂ ಅವರ ಮಾತಿನಲ್ಲೇ. ಹಸಿವಿನಲ್ಲಿ ನಾನು ಒಂದು ಸಾಲು ಹಾರಿಸಿದರೂ ವಕೀಲರು ಹಿಡಿಯುತ್ತಿದ್ದರು. "ತಮ್ಮಾ, ಕೇಳಲಾರ್ದ ಒತ್ತಿದ ಹೆಬ್ಬಟ್ಟು ಅವರದಲ್ಲ, ನಮ್ಮದು," ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಪೊಲೀಸರು ಬಂದು ಕೋಣೆ ಜಾಲಾಡಿದರು. ಕಪಾಟಿನಲ್ಲಿ ಸಿಕ್ಕದ್ದು ಹಳೆಯ ಫೈಲುಗಳು, ಒಂದು ಛತ್ರಿ. ವಕೀಲರನ್ನು ಜೀಪಿಗೆ ಹತ್ತಿಸಿದ ಮೇಲೆ ಅಧಿಕಾರಿಯೊಬ್ಬ, ಕೋಣೆಯಲ್ಲಿ ಏನೇನು ಸಿಕ್ಕಿತೆಂದು ಬರೆದ ಪಂಚನಾಮೆಯನ್ನು ನನ್ನ ಮುಂದಿಟ್ಟ. "ಪಂಚ ಸಾಕ್ಷಿ ಅಂತ ಸಹಿ ಹಾಕು. ಹೆಂಡ್ತಿ ಮಕ್ಕಳು ಅದಾರಿಲ್ಲೋ ನಿನಗ?"

ಹಾಕಿದೆ. ಓದಲಿಲ್ಲ. ಊರಿಗೆಲ್ಲ ಓದಿ ಹೇಳುತ್ತಿದ್ದವನು ನಾನು...

ಜಾಮೀನು ಸಿಗುವ ಹೊತ್ತಿಗೆ ವರ್ಷ ಕಳೆದಿತ್ತು. ವಕೀಲರು ಸೊರಗಿ ಕಡ್ಡಿಯಾಗಿದ್ದರು. ಮನೆಗೆ ಕರೆಸಿ ಪಂಚನಾಮೆಯ ನಕಲನ್ನು ಕೈಗಿಟ್ಟರು. "ಓದು ತಮ್ಮಾ." ಗಲಭೆ ಎಬ್ಬಿಸುವ ಕರಪತ್ರಗಳ ಕಟ್ಟು ಕಪಾಟಿನಲ್ಲಿ ಸಿಕ್ಕಿತಂತೆ, ನನ್ನ ಕಣ್ಣೆದುರೇ. ಓದಿ ಮುಗಿಸಿದೆ. "ಇನ್ನೊಮ್ಮಿ," ಎಂದರು. ಓದಿದೆ.

"ಖರೇ ಏನು?"

"ಸುಳ್ಳರಿ."

"ಕೋರ್ಟಿನಾಗ ಹೇಳ್ತೀ?"

"ಹೇಳ್ತೀನ್ರಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೂ ಊಟಕ್ಕೆ ಬಡಿಸಲು ಮನೆಯವರಿಗೆ ಹೇಳಿದರು. ಅರ್ಧ ರೊಟ್ಟಿ ಬಿಟ್ಟು ಎದ್ದೆ.

ನನ್ನ ಸಾಕ್ಷಿಗೆ ತಾರೀಖು ಬಿತ್ತು. ಅದಕ್ಕೆ ಎಂಟು ದಿನ ಮೊದಲೇ ವಕೀಲರು ತೀರಿಕೊಂಡರು. ಆದರೂ ಆ ದಿನ ಇಸ್ತ್ರಿ ಅಂಗಿ ತೊಟ್ಟು ಹೋದೆ. ಆರೋಪಿ ಬದುಕಿಲ್ಲ, ಕೇಸು ಮುಗಿಯಿತು ಎಂದರು ನ್ಯಾಯಾಧೀಶರು. ಒಂದು ಮಾತು ಹೇಳುವುದಿದೆ ಎಂದು ನಾನು ಕೈ ಎತ್ತಿದೆ. ಅಷ್ಟರಲ್ಲಿ ಜವಾನ ಮುಂದಿನ ಕೇಸಿನವರನ್ನು ಕೂಗಿದ.

ಈಗಲೂ ಸಂತೆಯಲ್ಲಿ ಯಾರಾದರೂ 'ತಮ್ಮಾ' ಎಂದರೆ ನಿಂತುಬಿಡುತ್ತೇನೆ. ತಿರುಗಿ ನೋಡಿದರೆ ಯಾರೋ ಯಾರನ್ನೋ ಕರೆದಿರುತ್ತಾರೆ. ವಕೀಲರು ಹೋದರು. ನನ್ನ ಸುಳ್ಳು ಮಾತ್ರ ಸರ್ಕಾರಿ ಕಾಗದದಲ್ಲಿ ನನ್ನ ಸಹಿಯೊಂದಿಗೆ ಹಾಗೇ ಉಳಿದಿದೆ. ಖರೇ ಹೇಳೋಣವೆಂದರೆ, ಕೇಳುವ ಕೋರ್ಟಿಲ್ಲ.